ಟಾಪ್ ಗೇರಿನಲ್ಲಿ ಮಾಯವಾಗುತ್ತಿದ್ದ ಸದ್ದು: ಒಂದು ಹಳೇ ಲಾರಿಯ ಗೇರ್‌ಬಾಕ್ಸ್ ಪ್ರಕರಣ

"ಘಾಟಿ ಹತ್ತೋವಾಗ ಗೇರ್‌ಬಾಕ್ಸ್ ಗೊಳೋ ಅಂತ ಅಳುತ್ತೆ ಮೇಸ್ತ್ರಿ. ಟಾಪ್‌ಗೆ ಬಂದ್ರೆ ಸುಮ್ನಾಗುತ್ತೆ."

ಹೋದ ಮಳೆಗಾಲದಲ್ಲಿ ಹಾಸನದ ನಮ್ಮ ಗ್ಯಾರೇಜಿಗೆ ಬಂದ ಲಾರಿ ಮಾಲೀಕರೊಬ್ಬರು ಹೇಳಿದ ಮೊದಲ ಮಾತು ಇದು. ಅವರನ್ನು ಇಲ್ಲಿ ಗೌಡರು ಎಂದಷ್ಟೇ ಕರೆಯುತ್ತೇನೆ. ಟಾಪ್ ಎಂದರೆ ಕೊನೆಯ, ಅಂದರೆ ಐದನೇ ಗೇರು. ಸದ್ದಿನ ವಿಷಯದಲ್ಲಿ ಅವರು ಹೇಳಿದ ಎರಡು ವಾಕ್ಯವೂ ನಿಜವಾಗಿತ್ತು, ಮತ್ತು ಅರ್ಧ ಉತ್ತರ ಆ ಎರಡನೇ ವಾಕ್ಯದಲ್ಲೇ ಇತ್ತು. ಉಳಿದ ಅರ್ಧಕ್ಕೆ ನನಗೆ ಮೂರು ದಿನ ಹಿಡಿಯಿತು. ಆ ಮೂರು ದಿನದ ಕೆಲಸವನ್ನು ನಡೆದ ಹಾಗೇ ಬರೆದಿಡುತ್ತಿದ್ದೇನೆ. ಇಂಥದ್ದೇ ಸದ್ದಿಗೆ ಇಂಥದ್ದೇ ತಪ್ಪು ಪಾರ್ಟು ಬದಲಿಸಿ ದುಡ್ಡು ಕಳೆದುಕೊಂಡ ಲಾರಿಯವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಲಾರಿ 2003ರದ್ದು. ಆರು ಚಕ್ರ, ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಐದು ಗೇರಿನ ಸಿಂಕ್ರೊಮೆಶ್ ಗೇರ್‌ಬಾಕ್ಸ್. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ, ಒಳಗಿನ ಜೋಡಣೆ ಈ ಅಳತೆಯ ಲಾರಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಬರುವುದು ಈ ಗಾಡಿಯ ನಿತ್ಯದ ದಾರಿ. ಎಂಜಿನ್ ಒಮ್ಮೆ ಬೋರ್ ಆಗಿದೆ (ಸವೆದ ಸಿಲಿಂಡರ್ ಕೊರೆದು ಸರಿಮಾಡಿದ್ದಾರೆ). ವರ್ಷಾವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪತ್ರ) ಮಾಡಿಸಿಕೊಂಡು, ಕಂತು ತೀರಿದ ಗಾಡಿಯನ್ನು ಮನೆಯ ಎತ್ತಿನ ಹಾಗೆ ನೋಡಿಕೊಳ್ಳುವ ಮಾಲೀಕರು ಗೌಡರು.

ನಮ್ಮಲ್ಲಿಗೆ ಬರುವ ಮೊದಲು ಎರಡು ಗ್ಯಾರೇಜು ಆಗಿತ್ತು. ಮೊದಲನೆಯವರು ಎಂಜಿನ್ ಆನ್ ಮಾಡಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಕ್ಲಚ್ ಒತ್ತಿ ನೋಡಿದ್ದರು. ಕ್ಲಚ್ ಒತ್ತಿದರೆ ಸದ್ದು ನಿಂತಿತು. "ಕ್ಲಚ್ಚಿಂದೇ ಇದು" ಎಂದು ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸಿದರು. ಸದ್ದು ಹೋಗಲಿಲ್ಲ. ಎರಡನೆಯವರು ಜಾಯಿಂಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಶಾಫ್ಟಿನ) ಸೆಂಟರ್ ಬೇರಿಂಗ್ ಬದಲಿಸಿ, ಗೇರ್‌ಬಾಕ್ಸಿನ ಎಣ್ಣೆ ಇಳಿಸಿ, ಸದ್ದು ತಗ್ಗಲೆಂದು ಕ್ರೌನಿಗೆ (ಹಿಂದಿನ ಆಕ್ಸಲಿನ ನಡುವಿನ ದೊಡ್ಡ ಗೇರಿಗೆ) ಹಾಕುವ ದಪ್ಪ 140 ಎಣ್ಣೆ ಸುರಿದರು. ಎರಡು ವಾರ ಸದ್ದು ತಗ್ಗಿದ ಹಾಗಿತ್ತು. ಆಮೇಲೆ ಮೊದಲಿಗಿಂತ ಜೋರಾಯಿತು.

ನಾನು ಮೊದಲು ಮಾಡಿದ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ಸದ್ದು ಎಷ್ಟು ಎಂದು ಎಣಿಸುವುದು. ಎಷ್ಟು ಜೋರು ಎಂದಲ್ಲ, ಎಷ್ಟು ಬಗೆ ಎಂದು. ಹಳೇ ಗಾಡಿಯಲ್ಲಿ ಸದ್ದು ಒಂದೇ ಇರುವುದು ಅಪರೂಪ. ಈ ಲಾರಿಯಲ್ಲಿ ಎರಡು ಇದ್ದವು, ಮತ್ತು ಮೊದಲ ಗ್ಯಾರೇಜಿನವರು ಎಡವಿದ್ದು ಅಲ್ಲೇ.

ನಿಂತ ಗಾಡಿಯಲ್ಲಿ, ನ್ಯೂಟ್ರಲ್‌ನಲ್ಲಿ ಬರುತ್ತಿದ್ದದ್ದು ಕಟಕಟ ಸದ್ದು, ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಆರು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಉರಿಯುತ್ತದೆ. ನಿಮಿಷಕ್ಕೆ 600 ಸುತ್ತಿನ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ವೇಗ) ಎಂದರೆ ಸೆಕೆಂಡಿಗೆ 30 ಏಟು. ಪ್ರತಿ ಏಟಿಗೂ ಎಂಜಿನ್ನಿನ ಹಿಂಬದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್, ಒಂಚೂರು ಮುಂದೆ ನೆಗೆಯುತ್ತದೆ, ಮುಂದಿನ ಏಟಿನವರೆಗೆ ಒಂಚೂರು ತಡವರಿಸುತ್ತದೆ. ಆ ನೆಗೆತವನ್ನು ನುಂಗಲೆಂದೇ ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗ್ ಕೂರಿಸಿರುತ್ತಾರೆ. ಐಡಲ್ ತೀರ ಇಳಿದಿದ್ದರೆ ಸ್ಪ್ರಿಂಗೂ ಸಾಲದು. ಗೇರ್‌ಬಾಕ್ಸಿನೊಳಗೆ ಲೋಡಿಲ್ಲದೆ ಸುಮ್ಮನೆ ತಿರುಗುವ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಕ್ಲಚ್ ಒತ್ತಿದಿರೋ, ಏಟು ಒಳಗೆ ಹೋಗುವುದೇ ನಿಲ್ಲುತ್ತದೆ, ಕಟಕಟವೂ ನಿಲ್ಲುತ್ತದೆ. ಇದು ರೋಗವಲ್ಲ. ಗೌಡರ ಗಾಡಿಯ ಐಡಲ್ ತೀರ ಕೆಳಗಿತ್ತು, ಡೀಸೆಲ್ ಪಂಪಿನ ಐಡಲ್ ಸ್ಕ್ರೂ ಒಂದಿಷ್ಟು ತಿರುಗಿಸಿ 650ಕ್ಕೆ ತಂದೊಡನೆ ಮುಕ್ಕಾಲು ಕಟಕಟ ಅಲ್ಲೇ ಹೋಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕ್ಲಚ್ ಒತ್ತಿದಾಗ ನಿಲ್ಲುವ ಸದ್ದು ರಿಲೀಸ್ ಬೇರಿಂಗಿನದಲ್ಲ. ರಿಲೀಸ್ ಬೇರಿಂಗಿಗೆ ಭಾರ ಬೀಳುವುದೇ ಕ್ಲಚ್ ಒತ್ತಿದಾಗ, ಅದು ಹಾಳಾಗಿದ್ದರೆ ಒತ್ತಿದಾಗ ಕೂಗಬೇಕು. ಫ್ಲೈವೀಲಿನ ನಡುವೆ ಕೂರುವ ಪೈಲಟ್ ಬೇರಿಂಗೂ ಹಾಗೇ: ಕ್ಲಚ್ ಬಿಟ್ಟಿರುವಾಗ ಫ್ಲೈವೀಲೂ, ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಹೋಗುವ ಟಾಪ್ ಶಾಫ್ಟೂ ಒಟ್ಟಿಗೇ ತಿರುಗುತ್ತವೆ, ಬೇರಿಂಗಿಗೆ ಕೆಲಸವೇ ಇರುವುದಿಲ್ಲ. ಕ್ಲಚ್ ಒತ್ತಿ ಶಾಫ್ಟ್ ನಿಂತಾಗ ಮಾತ್ರ ಅದು ತಿರುಗುವುದು. ಇಷ್ಟು ಗೊತ್ತಿದ್ದರೆ ಗೌಡರ ಹೊಸ ಕ್ಲಚ್ ಸೆಟ್ಟಿನ ಖರ್ಚು ಪೂರ್ತಿ ಉಳಿಯುತ್ತಿತ್ತು. ಅವರು ಅದನ್ನು ಹೇಳುವಾಗ ನೋವಿನಿಂದಲೇ ಹೇಳಿದರು, ನನಗೂ ಬೇಜಾರಾಯಿತು.

ಎರಡನೇ ಸದ್ದು ಬೇರೆ. ಅದು ಗಾಡಿ ಓಡುವಾಗ ಬರುವ ಗುರ್ರ್ ಎಂಬ ಒರಟು ಸದ್ದು, ನಡುವೆ ಬೀಸುವ ಕಲ್ಲಿನ ಹಾಗೆ. ಒಂದರಲ್ಲಿ, ಎರಡರಲ್ಲಿ ವಿಪರೀತ. ಮೂರರಲ್ಲಿ ಇದೆ. ನಾಲ್ಕರಲ್ಲಿ ಕಿವಿಗೊಟ್ಟರೆ ಕೇಳುತ್ತದೆ. ಐದರಲ್ಲಿ ಇಲ್ಲ.

ಟಾಪಿನಲ್ಲಿ ಯಾಕೆ ಇಲ್ಲ

ಗೇರ್‌ಬಾಕ್ಸ್ ತೆರೆದು ನೋಡದವರಿಗಾಗಿ ಸ್ವಲ್ಪ ವಿವರ. ಒಳಗೆ ಮೂರು ಶಾಫ್ಟ್. ಎಂಜಿನ್ ಕಡೆಯಿಂದ ಕ್ಲಚ್ ಮೂಲಕ ಬರುವುದು ಟಾಪ್ ಶಾಫ್ಟ್. ಅದರ ನೇರಕ್ಕೇ, ಅದೇ ಗೆರೆಯಲ್ಲಿ, ಹಿಂದಕ್ಕೆ ಹೋಗಿ ಜಾಯಿಂಟಿಗೆ ಸೇರುವುದು ಮೇನ್ ಶಾಫ್ಟ್. ಇವೆರಡರ ಕೆಳಗೆ, ಎಣ್ಣೆಯಲ್ಲಿ ಮುಳುಗಿದ ಹಾಗೆ ಮಲಗಿರುವುದು ಲೇ ಶಾಫ್ಟ್. ಟಾಪ್ ಶಾಫ್ಟ್ ತಿರುಗಿದರೆ ಲೇ ಶಾಫ್ಟ್ ತಿರುಗಲೇಬೇಕು, ಹಲ್ಲು ಸದಾ ಕೂಡಿರುತ್ತವೆ. ಒಂದರಿಂದ ನಾಲ್ಕರವರೆಗೆ ಎಂಜಿನ್ನಿನ ಬಲ ಟಾಪ್ ಶಾಫ್ಟಿನಿಂದ ಲೇ ಶಾಫ್ಟಿಗೆ ಇಳಿದು, ಅಲ್ಲಿಂದ ಮತ್ತೆ ಮೇಲೆ ಮೇನ್ ಶಾಫ್ಟಿಗೆ ಹತ್ತಿ ಹೊರಗೆ ಹೋಗುತ್ತದೆ. ಐದನೇ ಗೇರು ಈ ಗಾಡಿಯಲ್ಲಿ ನೇರ ಗೇರು: ಟಾಪ್ ಶಾಫ್ಟನ್ನೂ ಮೇನ್ ಶಾಫ್ಟನ್ನೂ ಒಂದೇ ಸರಳಿನ ಹಾಗೆ ಸೇರಿಸಿಬಿಡುತ್ತದೆ. ಲೇ ಶಾಫ್ಟ್ ಆಗಲೂ ತಿರುಗುತ್ತದೆ, ಭಾರ ಮಾತ್ರ ಹೊರುವುದಿಲ್ಲ.

ಹಾಗಾಗಿ ಟಾಪಿನಲ್ಲಿ ಸುಮ್ಮನಾಗಿ ಉಳಿದ ಗೇರಿನಲ್ಲೆಲ್ಲ ಕೂಗುವ ಸದ್ದೆಂದರೆ, ಹೆಚ್ಚಿನ ಮೇಸ್ತ್ರಿಗಳು ಕಣ್ಣುಮುಚ್ಚಿ ಹೇಳುವುದು "ಲೇ ಶಾಫ್ಟ್ ಬೇರಿಂಗ್". ನಾನೂ ಹಾಗೇ ಹೇಳಿದೆ. ನನ್ನ ಉಸ್ತಾದ್ ಕಲಿಸಿದ್ದೂ ಹಾಗೇ, ಹತ್ತರಲ್ಲಿ ಏಳೆಂಟು ಸಲ ಅದು ಸರಿಯೂ ಹೌದು. ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿ ಗೇರ್‌ಬಾಕ್ಸಿನ ಮುಂಭಾಗಕ್ಕೆ, ಇನ್ನೊಂದು ತುದಿ ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಿದೆ. ಹಿಂಭಾಗಕ್ಕಿಂತ ಮುಂಭಾಗದಲ್ಲಿ ಸದ್ದು ಜಾಸ್ತಿ. ಲೇ ಶಾಫ್ಟಿನ ಮುಂದಿನ ಬೇರಿಂಗ್ ಇರುವುದೂ ಅಲ್ಲೇ. ಬೇರಿಂಗ್ ತರಿಸಲು ನಂಬರ್ ಬರೆದುಕೊಂಡೂ ಆಗಿತ್ತು.

ತಡೆದದ್ದು ಗೌಡರ ಇನ್ನೊಂದು ಮಾತು. ಹೊರಡುವಾಗ ಸುಮ್ಮನೆ ಅಂದರು, "ಮೂರನೇ ಗೇರು ಎರಡು ಸಲ ತಾನೇ ಬಿಟ್ಟಿತ್ತು ಮೇಸ್ತ್ರಿ, ಘಾಟೀಲಿ. ಕೈಯಲ್ಲಿ ಹಿಡ್ಕೊಂಡೇ ಬಂದೆ."

ಗೇರು ತಾನಾಗಿ ಬಿಡುವುದಕ್ಕೆ ಕಾರಣ ಹಲವು: ಗೇರು ತಳ್ಳುವ ಫೋರ್ಕ್ ಸವೆದಿರಬಹುದು, ಮೇಲಿನ ಸ್ಪ್ರಿಂಗ್ ಗುಂಡು ಸಡಿಲವಾಗಿರಬಹುದು, ಗೇರನ್ನು ಶಾಫ್ಟಿಗೆ ಕೂಡಿಸುವ ಸ್ಲೀವಿನ ಹಲ್ಲಿನ ಅಂಚು ಉರುಟಾಗಿರಬಹುದು. ಆದರೆ ಸದ್ದೂ ಇದ್ದು ಗೇರೂ ಬಿಡುತ್ತಿದ್ದರೆ ಮೇನ್ ಶಾಫ್ಟ್ ನೇರಕ್ಕೆ ನಿಂತಿಲ್ಲ ಎಂಬ ಅನುಮಾನ ಬರಬೇಕು. ಮೇನ್ ಶಾಫ್ಟಿನ ಹಿಂದಿನ ತುದಿಯನ್ನು ದೊಡ್ಡ ಬೇರಿಂಗ್ ಹಿಡಿದಿದೆ. ಮುಂದಿನ ತುದಿಯನ್ನು ಹಿಡಿದಿರುವುದು ಯಾವುದು? ಟಾಪ್ ಶಾಫ್ಟಿನ ಹಿಂಭಾಗದ ಹೊಟ್ಟೆಯೊಳಗೆ ಕೂರುವ ಒಂದು ಸಣ್ಣ ರೋಲರ್ ಬೇರಿಂಗ್. ಹೊರಗಿನಿಂದ ಅದು ಎಲ್ಲೂ ಕಾಣದು. ಅದನ್ನು ಸ್ಪಿಗಾಟ್ ಬೇರಿಂಗ್ ಅನ್ನುತ್ತಾರೆ. ಅದೂ ಟಾಪ್ ಗೇರಿನಲ್ಲಿ ಸುಮ್ಮನಿರುತ್ತದೆ, ಯಾಕೆಂದರೆ ಆಗ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ, ನಡುವಿನ ರೋಲರ್‌ಗಳು ಉರುಳುವುದೇ ಇಲ್ಲ. ಅದು ಇರುವುದೂ ಮುಂಭಾಗದಲ್ಲೇ, ಲೇ ಬೇರಿಂಗಿನಿಂದ ಗೇಣು ದೂರದಲ್ಲಿ. ಸರಳು ಹಿಡಿದು ಕೇಳಿದರೆ ಎರಡರ ವ್ಯತ್ಯಾಸ ತಿಳಿಯದು.

ಅಂದರೆ ಇಬ್ಬರು ಆರೋಪಿಗಳು, ಇಬ್ಬರದ್ದೂ ಒಂದೇ ಹೇಳಿಕೆ. ಬೇರಿಂಗ್ ತರಿಸುವುದನ್ನು ನಿಲ್ಲಿಸಿದೆ.

ಒಂದೇ ಆರ್‌ಪಿಎಂ, ನಾಲ್ಕು ಗೇರು

ಎರಡನೇ ದಿನ ಗಾಡಿಗೆ ಅರ್ಧ ಲೋಡ್ ಮರಳು ಹಾಕಿಸಿಕೊಂಡು ಸಕಲೇಶಪುರ ರಸ್ತೆಯಲ್ಲಿ ಹೊರಟೆವು. ಜೊತೆಗೆ ಐಟಿಐ ಮುಗಿಸಿ ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗ, ಅವನ ಕೈಯಲ್ಲಿ ಮೊಬೈಲು. ಕ್ಯಾಬಿನ್ನಿನ ನೆಲದ ರಬ್ಬರ್ ಎತ್ತಿ, ಗೇರ್ ಲಿವರ್ ಬುಡದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡುವುದು ಅವನ ಕೆಲಸ. ನನ್ನ ಕೆಲಸ ಒಂದೇ: ಯಾವ ಗೇರಿನಲ್ಲಿದ್ದರೂ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮುಳ್ಳು 1500 ಬಿಟ್ಟು ಅಲ್ಲಾಡದಂತೆ ಹಿಡಿಯುವುದು.

ಇದರ ಹಿಂದಿನ ಲೆಕ್ಕ ನಮ್ಮ ಕಸುಬಿನಲ್ಲಿ ನನಗೆ ಬಹಳ ಇಷ್ಟವಾದದ್ದು. ಲೇ ಶಾಫ್ಟ್ ಟಾಪ್ ಶಾಫ್ಟಿಗೆ ಕಟ್ಟಿಹಾಕಿದ ಹಾಗಿದೆ. ಎಂಜಿನ್ 1500ರಲ್ಲಿ ನಿಂತರೆ ಲೇ ಶಾಫ್ಟಿನ ವೇಗವೂ ನಿಂತಲ್ಲೇ ನಿಲ್ಲುತ್ತದೆ, ಎರಡನೇ ಗೇರಾದರೂ ಅಷ್ಟೇ, ನಾಲ್ಕನೇ ಗೇರಾದರೂ ಅಷ್ಟೇ. ಅದರ ಬೇರಿಂಗ್ ಕೂಗುತ್ತಿದ್ದರೆ ಸದ್ದು ಭಾರಕ್ಕೆ ತಕ್ಕ ಹಾಗೆ ಜೋರು ಮೆಲ್ಲಗೆ ಆಗಬಹುದು, ಶ್ರುತಿ ಬದಲಾಗುವಂತಿಲ್ಲ. ಸ್ಪಿಗಾಟ್ ಬೇರಿಂಗಿನ ಕಥೆ ಬೇರೆ. ಅದು ಎರಡು ಶಾಫ್ಟಿನ ನಡುವೆ ಕೂತಿದೆ, ಅದರ ವೇಗವೆಂದರೆ ಆ ಎರಡರ ವೇಗದ ವ್ಯತ್ಯಾಸ. ಈ ಅಳತೆಯ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರು ಸುಮಾರು 4ಕ್ಕೆ 1, ಮೂರನೆಯದು 2.4ಕ್ಕೆ 1, ನಾಲ್ಕನೆಯದು 1.5ಕ್ಕೆ 1 ಎಂದಿಟ್ಟುಕೊಳ್ಳಿ. ಟಾಪ್ ಶಾಫ್ಟ್ 1500ರಲ್ಲಿರುವಾಗ ಎರಡನೇ ಗೇರಿನಲ್ಲಿ ಮೇನ್ ಶಾಫ್ಟ್ 375, ವ್ಯತ್ಯಾಸ 1125. ಮೂರರಲ್ಲಿ ಮೇನ್ ಶಾಫ್ಟ್ 625, ವ್ಯತ್ಯಾಸ 875. ನಾಲ್ಕರಲ್ಲಿ 1000, ವ್ಯತ್ಯಾಸ 500. ಐದರಲ್ಲಿ ಎರಡೂ 1500, ವ್ಯತ್ಯಾಸ ಸೊನ್ನೆ. ಹಾಗಾಗಿ ಸ್ಪಿಗಾಟ್ ಕೆಟ್ಟಿದ್ದರೆ ಗೇರು ಏರಿದಂತೆ ಶ್ರುತಿ ಇಳಿಯಬೇಕು.

ಮೇನ್ ಶಾಫ್ಟಿನ ಹಿಂದಿನ ಬೇರಿಂಗ್, ಜಾಯಿಂಟ್ ಕ್ರಾಸ್, ಸೆಂಟರ್ ಬೇರಿಂಗ್, ಕ್ರೌನ್ ಇವು ಕೆಟ್ಟಿದ್ದರೆ ಇದಕ್ಕೆ ಉಲ್ಟಾ. ಅವು ರಸ್ತೆಯ ವೇಗವನ್ನು ಹಿಂಬಾಲಿಸುತ್ತವೆ; 1500ರಲ್ಲೇ ಗೇರು ಏರಿಸಿದರೆ ಗಾಡಿ ಜೋರಾಗುತ್ತದೆ, ಸದ್ದಿನ ಶ್ರುತಿಯೂ ಏರಬೇಕು, ಟಾಪಿನಲ್ಲಿ ಅತಿ ಹೆಚ್ಚಾಗಬೇಕು. ನಮ್ಮ ಸದ್ದು ಟಾಪಿನಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಹಿಂಭಾಗದ ಇಡೀ ಸಂಸಾರ ಅಲ್ಲಿಗೇ ಖುಲಾಸೆ. ಎರಡನೇ ಗ್ಯಾರೇಜಿನವರು ಸೆಂಟರ್ ಬೇರಿಂಗ್ ಬಿಚ್ಚುವ ಅಗತ್ಯವೇ ಇರಲಿಲ್ಲ.

ಎರಡು, ಮೂರು, ನಾಲ್ಕು, ಐದು. ನಾಲ್ಕು ರೆಕಾರ್ಡಿಂಗ್ ಮಾಡಿ ಪಾಳ್ಯದ ಹತ್ತಿರ ಗಾಡಿ ಬದಿಗೆ ಹಾಕಿ, ಎಂಜಿನ್ ನಿಲ್ಲಿಸಿ, ಒಂದಾದ ಮೇಲೊಂದು ಕೇಳಿದೆವು. ಗಾಡಿ ಓಡಿಸುವಾಗ ನನಗೆ ಬರೀ ಜೋರು ಕಮ್ಮಿ ಆಗುತ್ತಿದೆ ಎನ್ನಿಸಿತ್ತು. ಎಂಜಿನ್ ಸದ್ದಿನ ನಡುವೆ ಶ್ರುತಿ ಹಿಡಿಯುವುದು ಕಷ್ಟ, ನಲವತ್ತು ದಾಟಿದ ಕಿವಿಗೆ ಇನ್ನೂ ಕಷ್ಟ. ಹುಡುಗ ಎರಡು ಸಲ ಕೇಳಿ ಹೇಳಿದ: "ಅಣ್ಣ, ಬರೀ ಕಮ್ಮಿ ಆಗ್ತಿಲ್ಲ. ದಪ್ಪ ಆಗ್ತಾ ಹೋಗ್ತಿದೆ. ಸೆಕೆಂಡಲ್ಲಿ ಗುರ್ ಅನ್ನೋದು ಫೋರ್ತಲ್ಲಿ ಗೊರ ಗೊರ ಅಂತ ಬಿಡಿಬಿಡಿಯಾಗಿ ಬರ್ತಿದೆ."

ಮತ್ತೆ ಕೇಳಿದೆ. ಅವನು ಹೇಳಿದ್ದು ಸರಿ. ಮಾತಿನಲ್ಲಿ ಹೇಳಲಾಗದ್ದನ್ನು ನಾಲ್ಕು ತುಣುಕು ಪಕ್ಕಪಕ್ಕ ಇಟ್ಟಾಗ ಯಾರಿಗೂ ಕೇಳಿಸುತ್ತದೆ. ಹಳೇ ಕಾಲದ ನನ್ನ ಉಸ್ತಾದರಿಗೆ ಈ ಸೌಲಭ್ಯ ಇರಲಿಲ್ಲ. ಅವರು ಬರೀ ಕಿವಿಯಲ್ಲೇ ಇದನ್ನು ಹಿಡಿಯುತ್ತಿದ್ದರೆಂದು ಈಗ ಅರ್ಥವಾಗುತ್ತಿದೆ.

ಕೈಯಲ್ಲಿ ತಿರುಗಿಸಿ ನೋಡಿದ್ದು

ಕಿವಿಯ ಸಾಕ್ಷಿ ಒಂದರ ಮೇಲೆ ಗೇರ್‌ಬಾಕ್ಸ್ ಇಳಿಸುವುದು ನನಗೆ ಒಗ್ಗದು. ಕ್ಲಚ್ ಹೌಸಿಂಗ್ ಸಮೇತ ಅದು ಒಬ್ಬಿಬ್ಬರು ಎತ್ತುವ ತೂಕವಲ್ಲ, ಒಂದು ಸಲ ಇಳಿಸಿದರೆ ಎರಡು ದಿನದ ಬಾಡಿಗೆ ಹೋದ ಹಾಗೆ. ಇಳಿಸದೆ ಮಾಡಬಹುದಾದ ಇನ್ನೊಂದು ಪರೀಕ್ಷೆ ಉಳಿದಿತ್ತು.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರಕ್ಕೆ ಮರದ ಅಡ್ಡ ಕೊಟ್ಟು, ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜಿನಿಂದ (ಜಾಯಿಂಟ್ ಕೂಡುವ ಬಿಲ್ಲೆಯಿಂದ) ಜಾಯಿಂಟ್ ಬಿಚ್ಚಿ ಪಕ್ಕಕ್ಕೆ ಕಟ್ಟಿದೆ. ಜಾಯಿಂಟ್ ಬಿಚ್ಚಿದರೆ ಗೇರಿನಲ್ಲಿದ್ದರೂ ಗಾಡಿ ನಿಲ್ಲದು, ಅಡ್ಡ ಕೊಡದೆ ಕೆಳಗೆ ಮಲಗಬೇಡಿ. ಎಂಜಿನ್ ಆಫ್, ನ್ಯೂಟ್ರಲ್. ಫ್ಲ್ಯಾಂಜನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದೆ. ಆಗ ಮೇನ್ ಶಾಫ್ಟ್ ಒಂದೇ ತಿರುಗುತ್ತದೆ. ಟಾಪ್ ಶಾಫ್ಟೂ ಲೇ ಶಾಫ್ಟೂ ನಿಂತಿರುತ್ತವೆ. ಅಂಗೈಗೆ ಕರಕರ ಎಂದು ತಾಗಿತು, ರಾಗಿ ಹಿಟ್ಟಿನಲ್ಲಿ ಮರಳು ಸೇರಿದ ಹಾಗೆ.

ಆಮೇಲೆ ಹುಡುಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಟಾಪ್ ಗೇರ್ ಹಾಕಿಸಿ, ಕ್ಲಚ್ ಪೂರ್ತಿ ಒತ್ತಿ ಹಿಡಿಯಲು ಹೇಳಿದೆ. ಈಗ ಫ್ಲ್ಯಾಂಜ್ ತಿರುಗಿಸಿದರೆ ಮೇನ್ ಶಾಫ್ಟ್, ಟಾಪ್ ಶಾಫ್ಟ್ ಒಂದಾಗಿ ತಿರುಗುತ್ತವೆ, ಅವುಗಳ ಜೊತೆ ಲೇ ಶಾಫ್ಟೂ ತಿರುಗುತ್ತದೆ. ಬಿಗಿ ಜಾಸ್ತಿ, ಅದು ಸಹಜ, ತಿರುಗಿಸಬೇಕಾದ ಕಬ್ಬಿಣವೇ ಜಾಸ್ತಿ. ಆದರೆ ಕರಕರ ಇಲ್ಲ. ನುಣ್ಣಗೆ.

ಈ ಎರಡು ಸುತ್ತಿನಲ್ಲಿ ಎಷ್ಟು ವಿಷಯ ತೀರ್ಮಾನವಾಯಿತು ನೋಡಿ. ಎರಡನೇ ಸಲ ಲೇ ಶಾಫ್ಟಿನ ಬೇರಿಂಗೂ, ಟಾಪ್ ಶಾಫ್ಟಿನ ದೊಡ್ಡ ಬೇರಿಂಗೂ ತಿರುಗಿದವು, ಕರಕರ ಬರಲಿಲ್ಲ. ಮೇನ್ ಶಾಫ್ಟಿನ ಹಿಂದಿನ ಬೇರಿಂಗ್ ಎರಡೂ ಸಲ ತಿರುಗಿತು. ಅದು ತಪ್ಪಿತಸ್ಥನಾಗಿದ್ದರೆ ಎರಡೂ ಸಲ ತಾಗಬೇಕಿತ್ತು. ಮೇನ್ ಶಾಫ್ಟಿನ ಮೇಲೆ ಗೇರುಗಳ ಕೆಳಗಿರುವ, ಸೂಜಿಯಂಥ ತೆಳು ರೋಲರ್‌ಗಳ ಸೂಜಿ ಬೇರಿಂಗ್‌ಗಳೂ ಎರಡೂ ಸಲ ಉರುಳಿದವು. ಮೊದಲ ಸಲ ಮಾತ್ರ ಉರುಳಿ ಎರಡನೇ ಸಲ ಉರುಳದೆ ಉಳಿದದ್ದು ಸ್ಪಿಗಾಟ್ ಒಂದೇ.

ಸಣ್ಣ ಸವೆತ ಈ ಕೈ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳಬಹುದು, ಕೈಗೆ ಏನೂ ತಾಗದಿದ್ದರೆ ಬೇರಿಂಗ್ ಚೆನ್ನಾಗಿದೆ ಎಂದು ಹೇಳುವಂತಿಲ್ಲ. ತಾಗಿದರೆ ಮಾತ್ರ ಗಟ್ಟಿ ಸಾಕ್ಷಿ. ಕಿವಿ ಹೇಳಿದ್ದೂ ಕೈ ಹೇಳಿದ್ದೂ ಒಂದೇ ಆಗಿದ್ದರಿಂದ ಗೌಡರಿಗೆ ಫೋನ್ ಮಾಡಿ, "ಇಳಿಸ್ತೀನಿ" ಅಂದೆ.

ತೆರೆದಾಗ

ಎಣ್ಣೆ ಇಳಿಸುವಾಗ ಟ್ರೇ ಕೆಳಗೆ ಬಿಳಿ ಬಟ್ಟೆ ಹಾಸುವುದು ನಮ್ಮ ಗ್ಯಾರೇಜಿನ ರೂಢಿ. ಇಳಿದದ್ದು ಜೋನಿಬೆಲ್ಲದ ಹಾಗೆ ದಪ್ಪ ಎಣ್ಣೆ, ಅದರಲ್ಲಿ ಮಿಣಮಿಣ ಉಕ್ಕಿನ ಚಕ್ಕೆ. ಡ್ರೈನ್ ಬೋಲ್ಟಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಕೆಸರು ಇರುವುದು ಮಾಮೂಲು. ಇಲ್ಲಿ ಉಗುರಿಗೆ ಚುಚ್ಚುವಂಥ ಚೂರುಗಳಿದ್ದವು. ಹಿತ್ತಾಳೆಯ ಹಳದಿ ಹೊಳಪು ಅಷ್ಟಾಗಿ ಇರಲಿಲ್ಲ, ಅಂದರೆ ಗೇರು ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳು ಸದ್ಯಕ್ಕೆ ಬದುಕಿವೆ.

ಕ್ರೌನ್ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಹಾಕುವ ಅಭ್ಯಾಸದ ಬಗ್ಗೆ ನನಗೆ ಸಿಟ್ಟಿದೆ. ಕ್ರೌನಿಗೆ ಬೇಕಾದ್ದು ಜಿಎಲ್-5 ದರ್ಜೆ, ಅದರಲ್ಲಿ ಗಂಧಕ, ರಂಜಕ ಸೇರಿದ ಅಂಶಗಳು ಜಾಸ್ತಿ, ಅವು ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಲ್ಲವು. ಈ ಗೇರ್‌ಬಾಕ್ಸಿಗೆ ಹೇಳಿರುವುದು 80ಡಬ್ಲ್ಯು-90 ದಪ್ಪದ, ಜಿಎಲ್-4 ದರ್ಜೆಯ ಎಣ್ಣೆ. ಜೊತೆಗೆ 140ರಷ್ಟು ದಪ್ಪ ಎಣ್ಣೆ ಸಕಲೇಶಪುರದ ಚಳಿ ಬೆಳಗಿನಲ್ಲಿ ಟಾಪ್ ಶಾಫ್ಟಿನ ಸಣ್ಣ ತೂತುಗಳ ಮೂಲಕ ಸ್ಪಿಗಾಟಿನ ತನಕ ಹೋಗುವುದೇ ಇಲ್ಲ. ಸದ್ದು ಮುಚ್ಚಲು ಹಾಕಿದ ಎಣ್ಣೆ ರೋಗಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಟಾಪ್ ಶಾಫ್ಟ್ ಎಳೆದಾಗ ರೋಲರ್‌ಗಳು ಕೈಗೆ ಬಂದವು. ಕೆಲವು ಹುಣಸೆಬೀಜದ ಹಾಗೆ ಕಪ್ಪು, ಕೆಲವು ನೀಲಿ. ಮೇಲ್ಮೈ ಎದ್ದು ಚಕ್ಕೆಯಾಗಿತ್ತು. ಮೇನ್ ಶಾಫ್ಟಿನ ಮೂತಿಯೂ ಹಾಗೇ, ಒಂದು ಬದಿಯಲ್ಲಿ ಸಿಡುಬಿನ ಕಲೆಯಂತೆ ಗುಳಿ. ಲೇ ಶಾಫ್ಟಿನ ಎರಡೂ ಬೇರಿಂಗ್ ತೊಳೆದು ನೋಡಿದರೆ ಕನ್ನಡಿಯ ಹಾಗಿದ್ದವು. ಮೊದಲ ದಿನ ನಾನು ನಂಬರ್ ಬರೆದುಕೊಂಡದ್ದು ಇವುಗಳಿಗೆ.

ಆ ನೀಲಿ ಬಣ್ಣ ನನ್ನ ನಿದ್ದೆ ಕೆಡಿಸಿತು. ಸವೆದ ಬೇರಿಂಗ್ ನೀಲಿಯಾಗುವುದಿಲ್ಲ, ಎಣ್ಣೆಯಿಲ್ಲದೆ ಕಾದ ಬೇರಿಂಗ್ ನೀಲಿಯಾಗುತ್ತದೆ. ಎಣ್ಣೆ ಮಟ್ಟ ಇಳಿದಿತ್ತೇ? ಹಾಗಿದ್ದರೆ ಟಾಪ್ ಶಾಫ್ಟಿನ ದೊಡ್ಡ ಬೇರಿಂಗೂ ಒಣಗಬೇಕಿತ್ತು, ಘಾಟಿ ಏರುವಾಗ ಎಣ್ಣೆಯೆಲ್ಲ ಹಿಂದಕ್ಕೆ ಓಡುವುದರಿಂದ ಮುಂದಿನದಕ್ಕೇ ಮೊದಲು ಪೆಟ್ಟು. ಅದು ಚೆನ್ನಾಗಿದೆ. ಮೇನ್ ಶಾಫ್ಟ್ ಪೂರ್ತಿ ಬಿಚ್ಚಿದಾಗ ಮೂರನೇ ಗೇರಿನ ಕೆಳಗಿನ ಸೂಜಿಗಳಲ್ಲೂ ನೀಲಿಯ ತೆಳು ಛಾಯೆ ಕಂಡಿತು. ಕೈಗೆ ತಾಗುವಷ್ಟು ಕೆಟ್ಟಿರಲಿಲ್ಲ, ಬಣ್ಣ ಮಾತ್ರ ತಿರುಗಿತ್ತು. ಅಂದರೆ ಮೇನ್ ಶಾಫ್ಟನ್ನು ಮುಟ್ಟಿಕೊಂಡಿರುವುದು ಮಾತ್ರ ಸುಟ್ಟಿದೆ. ಉಳಿದದ್ದೆಲ್ಲ ಎಣ್ಣೆ ಕುಡಿದು ಸುಖವಾಗಿದೆ.

ಮೇನ್ ಶಾಫ್ಟ್ ಒಂದೇ ತಿರುಗಿ ಉಳಿದೆರಡು ನಿಂತಿರುವ ಸನ್ನಿವೇಶ ಯಾವುದು? ನಾನೇ ಹಿಂದಿನ ದಿನ ಕೈಯಲ್ಲಿ ಮಾಡಿದ್ದೆನಲ್ಲ, ಅದೇ: ಎಂಜಿನ್ ಆಫ್, ನ್ಯೂಟ್ರಲ್, ಹಿಂದಿನಿಂದ ಯಾರೋ ತಿರುಗಿಸುವುದು.

ಗೌಡರನ್ನು ಕೇಳಿದೆ, "ಗಾಡೀನ ಯಾವಾಗಾದ್ರೂ ಎಳಸಿದ್ರಾ?"

"ಇಲ್ಲ ಮೇಸ್ತ್ರಿ. ನಾನಂತೂ ಎಳಸಿಲ್ಲ."

ಕಾಗದದ ಚೀಲ ತರಿಸಿದೆ. ಎಫ್‌ಸಿ, ಇನ್ಶೂರೆನ್ಸ್, ಟೈರಿನ ಬಿಲ್ಲುಗಳ ನಡುವೆ ಡೀಸೆಲ್ ಪಂಪ್ ರಿಪೇರಿಯ ಒಂದು ಬಿಲ್ಲು ಸಿಕ್ಕಿತು, ಸದ್ದು ಶುರುವಾಗುವುದಕ್ಕೆ ಎರಡು ತಿಂಗಳು ಹಿಂದಿನದು. ಪಂಪ್ ಎಲ್ಲಿ ಕೆಟ್ಟಿತ್ತು ಎಂದು ಕೇಳಿದಾಗ ಗೌಡರಿಗೆ ನೆನಪಾಯಿತು. ಆಗ ಅವರು ಆಸ್ಪತ್ರೆಯಲ್ಲಿದ್ದರು, ಗಾಡಿ ಬಾಡಿಗೆ ಡ್ರೈವರ್ ಕೈಯಲ್ಲಿತ್ತು. ಬೆಂಗಳೂರು ಕಡೆಯಿಂದ ಬರುವಾಗ ಯಡಿಯೂರಿನ ಹತ್ತಿರ ನಿಂತುಹೋಗಿ, ಪರಿಚಯದ ಇನ್ನೊಂದು ಲಾರಿಗೆ ಕಟ್ಟಿಕೊಂಡು ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣದ ಮೇಲೆ ಹಾಸನದವರೆಗೆ ತಂದಿದ್ದರು. ಹೆಚ್ಚುಕಡಿಮೆ 90 ಕಿಲೋಮೀಟರ್. ಫೋನಿನಲ್ಲಿ ಆ ಡ್ರೈವರನ್ನು ಕೇಳಿದರೆ ಅವರು ಮುಚ್ಚುಮರೆ ಇಲ್ಲದೆ ಹೇಳಿದರು, "ಜಾಯಿಂಟ್ ಬಿಚ್ಚಲಿಲ್ಲಣ್ಣ. ನ್ಯೂಟ್ರಲ್ ಮಾಡಿದ್ವಲ್ಲ, ಸಾಕು ಅನ್ಕೊಂಡ್ವಿ."

ಅವರ ಮೇಲೆ ನನಗೆ ಕೋಪವಿಲ್ಲ. ನ್ಯೂಟ್ರಲ್ ಮಾಡಿದರೆ ಗೇರ್‌ಬಾಕ್ಸ್ ತಿರುಗುವುದಿಲ್ಲ ಎಂದೇ ಬಹಳ ಡ್ರೈವರುಗಳು ತಿಳಿದಿದ್ದಾರೆ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಿಜ ಏನೆಂದರೆ, ಚಕ್ರ ತಿರುಗಿದರೆ ಕ್ರೌನ್ ತಿರುಗುತ್ತದೆ, ಜಾಯಿಂಟ್ ತಿರುಗುತ್ತದೆ, ಮೇನ್ ಶಾಫ್ಟ್ ತಿರುಗುತ್ತದೆ. ಈ ಗಾಡಿಯ ಕ್ರೌನಿಗೆ 41 ಹಲ್ಲು, ಅದಕ್ಕೆ ಕೂಡಿದ ಸಣ್ಣ ಗೇರಾದ ಪಿನಿಯನ್ನಿಗೆ 7. ಗಂಟೆಗೆ 40 ಕಿಲೋಮೀಟರಿನಲ್ಲಿ ಎಳೆದರೆ ಮೇನ್ ಶಾಫ್ಟ್ ನಿಮಿಷಕ್ಕೆ ಸುಮಾರು 1200 ಸುತ್ತು ತಿರುಗುತ್ತದೆ. ಎಣ್ಣೆಯನ್ನು ಮೇಲಕ್ಕೆ ಎರಚುವ ಕೆಲಸ ಕೆಳಗಿನ ಲೇ ಶಾಫ್ಟಿನ ಗೇರುಗಳದ್ದು, ಅದು ಎಂಜಿನ್ ಜೊತೆ ನಿಂತಿದೆ. ಎರಡು ಗಂಟೆಗೂ ಮೀರಿ ಸ್ಪಿಗಾಟಿನ ರೋಲರ್‌ಗಳು ಇದ್ದಬದ್ದ ಹನಿ ಎಣ್ಣೆಯಲ್ಲಿ ಉರುಳಿ, ಒಣಗಿ, ಕಾದಿವೆ. ಅವತ್ತೇ ಸದ್ದು ಬಂದಿದ್ದರೆ ಎಲ್ಲರಿಗೂ ಕಾರಣ ಗೊತ್ತಾಗುತ್ತಿತ್ತು. ಆದರೆ ಸುಟ್ಟ ಮೇಲ್ಮೈ ಚಕ್ಕೆ ಏಳಲು ಕಾಲ ಬೇಕು. ಎರಡು ತಿಂಗಳು ಘಾಟಿಯ ಲೋಡ್ ಹೊತ್ತು ಆಮೇಲೆ ಅದು ಬಾಯಿ ಬಿಟ್ಟಿತು.

ಎಳೆಯುವುದು ತಪ್ಪದಿದ್ದರೆ ಗೇರ್‌ಬಾಕ್ಸಿನ ಕಡೆ ಜಾಯಿಂಟ್ ಬಿಚ್ಚಬೇಕು, ಇಲ್ಲವೇ ಎರಡೂ ಆಕ್ಸಲ್ ಎಳೆದಿಡಬೇಕು. ಅರ್ಧ ಗಂಟೆಯ ಕೆಲಸ.

ಕಟ್ಟಿದ್ದು

ಮೇನ್ ಶಾಫ್ಟಿನ ಮೂತಿಗೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ತಿರುಗಿಸಿಕೊಡುತ್ತೇವೆ ಎಂದು ಒಬ್ಬರು ಬಂದರು. ಬೇಡ ಎಂದೆ. ಅಲ್ಲಿ ಬೇಕಾದ್ದು ಬರೀ ಅಳತೆಯಲ್ಲ, ಗಡಸು. ಕಾರ್ಖಾನೆಯಲ್ಲಿ ಮೇಲ್ಪದರಕ್ಕೆ ಕೊಟ್ಟ ಗಡಸು ವೆಲ್ಡಿಂಗ್ ಬಿಸಿಗೆ ಹೋಗುತ್ತದೆ, ರೋಲರ್ ಮತ್ತೆ ಅದನ್ನು ತಿನ್ನುತ್ತದೆ. ಹೊಸ ಶಾಫ್ಟಿನ ಬೆಲೆ ಗೌಡರಿಗೆ ಭಾರವಾಗಿತ್ತು. ಕೊನೆಗೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಮೂತಿ ನುಣುಪಾಗಿರುವ ಶಾಫ್ಟೊಂದನ್ನು ಮೈಕ್ರೋಮೀಟರ್ ಹಿಡಿದು ಆರಿಸಿ ತಂದೆವು. ಟಾಪ್ ಶಾಫ್ಟ್ ಹೊಸದೇ ಹಾಕಬೇಕಾಯಿತು, ಅದರ ಹೊಟ್ಟೆಯ ಒಳಮೈ ಗುಳಿ ಬಿದ್ದಿತ್ತು. ಅದರ ಜೊತೆಗೆ ಸ್ಪಿಗಾಟ್ ರೋಲರ್, ಮೂರನೇ ಗೇರಿನ ಸೂಜಿಗಳು, ಎಲ್ಲ ಆಯಿಲ್ ಸೀಲು.

ಲೇ ಬೇರಿಂಗ್‌ಗಳನ್ನು ಬದಲಿಸಲಿಲ್ಲ. ಹೇಗೂ ತೆರೆದಿದೆ, ಹಾಕಿಬಿಡಿ ಎಂದು ಗೌಡರೇ ಅಂದರು. ಚೆನ್ನಾಗಿರುವ ಹಳೇ ಬೇರಿಂಗನ್ನು ಗೊತ್ತಿಲ್ಲದ ಹೊಸ ಮಾಲಿಗೆ ಬದಲಿಸುವುದು ನನಗೆ ಸರಿ ಕಾಣಲಿಲ್ಲ, ಅದರಲ್ಲೂ ಸಿಮ್ಮುಗಳ (ಸಂದು ಹೊಂದಿಸುವ ತೆಳು ತಗಡುಗಳ) ಲೆಕ್ಕ ಹೊಸದಾಗಿ ಹಾಕಬೇಕಾದಾಗ.

ಹಿಂದಿನ ದೊಡ್ಡ ಬೇರಿಂಗನ್ನು ಗುಜರಿಯಿಂದ ತಂದ ಮೇನ್ ಶಾಫ್ಟಿಗೆ ಕೂರಿಸುವಾಗ ಎಣ್ಣೆಯಲ್ಲಿ 100 ಡಿಗ್ರಿ ಆಸುಪಾಸಿಗೆ ಕಾಯಿಸಿದೆವು. 120 ದಾಟಬಾರದು, ಗ್ಯಾಸ್ ಬೆಂಕಿ ನೇರ ಹಿಡಿಯಬಾರದು, ಸುತ್ತಿಗೆಯನ್ನಂತೂ ಹತ್ತಿರ ತರಬಾರದು. ಕಾದ ಬೇರಿಂಗ್ ತಾನಾಗಿ ಜಾರಿ ಕೂತಿತು. ಗೇರ್‌ಬಾಕ್ಸಿನ ಮೇಲಿನ ಬ್ರೀದರ್ (ಗಾಳಿಯಾಡುವ ತೂತು) ಕೆಸರಿನಿಂದ ಮುಚ್ಚಿಹೋಗಿತ್ತು, ತೊಳೆದು ಗಾಳಿ ಹೊಡೆದೆವು. ಮುಚ್ಚಿದ ಬ್ರೀದರ್ ಒಳಗಿನ ಒತ್ತಡ ಏರಿಸಿ ಹೊಸ ಸೀಲುಗಳನ್ನೂ ಸೋರಿಸುತ್ತದೆ. ಎಣ್ಣೆ 80ಡಬ್ಲ್ಯು-90 ಜಿಎಲ್-4, ಪಕ್ಕದ ಬೋಲ್ಟಿನ ತೂತಿನಿಂದ ಹನಿಯುವ ತನಕ.

ಗೌಡರೇ ಓಡಿಸಿಕೊಂಡು ದೋಣಿಗಾಲ್ ಇಳಿದು ಮಾರನಹಳ್ಳಿಯಿಂದ ತಿರುಗಿ ಹತ್ತಿದರು, ನಾನು ಪಕ್ಕದಲ್ಲಿ. ಎರಡರಲ್ಲಿ ಬರೀ ಎಂಜಿನ್ ಸದ್ದು. ನಾಲ್ಕರಲ್ಲೂ ಅಷ್ಟೇ. ಮೂರರಲ್ಲಿ ಲೋಡ್ ಎಳೆಯುವಾಗ ಮಾತ್ರ ತೆಳುವಾದ ಸುಂಯ್ ಎನ್ನುವ ಸದ್ದೊಂದು ಉಳಿದಿತ್ತು. ಸ್ಪಿಗಾಟ್ ಸಡಿಲವಾಗಿದ್ದಷ್ಟು ದಿನ ಮೇನ್ ಶಾಫ್ಟಿನ ಮುಂಭಾಗ ಜೋಲುತ್ತಿತ್ತು, ಮೂರನೇ ಗೇರಿನ ಹಲ್ಲುಗಳು ಆ ವಾರೆಗೇ ಒಗ್ಗಿ ಸವೆದಿದ್ದವು. ಈಗ ಶಾಫ್ಟ್ ನೇರವಾಯಿತು, ಹಲ್ಲಿನ ಸವೆತ ಹಾಗೇ ಉಳಿಯಿತು. ಆ ಜೋಡಿ ಗೇರು ಬದಲಿಸಿದರೆ ಅದೂ ಹೋಗುತ್ತದೆ, ಬದಲಿಸದಿದ್ದರೂ ಗಾಡಿ ನಿಲ್ಲುವುದಿಲ್ಲ ಎಂದು ಹೇಳಿದೆ.

"ಇರ್ಲಿ ಬಿಡಿ ಮೇಸ್ತ್ರಿ, ಮುಂದಿನ ಎಫ್‌ಸಿಗೆ ನೋಡಾಣ" ಅಂದರು.

500 ಕಿಲೋಮೀಟರಿಗೆ ಎಣ್ಣೆ ಇಳಿಸಿ ನೋಡಿದೆ. ಆಯಸ್ಕಾಂತದ ಮೇಲೆ ಬೆರಳಿಗೆ ನುಣ್ಣಗೆ ತಾಗುವ ಬೂದು ಕೆಸರು ಅಷ್ಟೇ ಇತ್ತು. ಮೂರನೇ ಗೇರು ಆಮೇಲೆ ತಾನಾಗಿ ಬಿಟ್ಟಿಲ್ಲ.